ಬೇರೆಯವರ ಬಿಯರ್ ಕುಡಿದ ಮೇಲೆ ಏನು ಹೇಳಬೇಕು? – ಹೋಮ್‌ಬ್ರೂ ಮಾಡುವವರ ಚರ್ಚೆ

ಹೊಸಹುದುಗು

ಮನೆಯಲ್ಲೇ ಬಿಯರ್ ಮಾಡುವ ನಾವು ಕೆಲವರು ಆಗಾಗ ಸೇರಿ ಒಬ್ಬರ ಬಿಯರನ್ನು ಇನ್ನೊಬ್ಬರು ರುಚಿ ನೋಡುತ್ತೇವೆ. ಬಿಯರ್ ಬಗ್ಗೆ ನನಗೆ ದೂರಿಲ್ಲ, ಅಲ್ಲಿ ನಡೆಯುವ ಮಾತಿನ ಬಗ್ಗೆ ಇದೆ. ಯಾರ ಬಾಟಲಿ ತೆರೆದರೂ ಬರುವ ತೀರ್ಪು ಎರಡೇ: "ಚೆನ್ನಾಗಿದೆ" ಅಥವಾ "ಬಹಳ ಚೆನ್ನಾಗಿದೆ". ಕಳೆದ ಸಲ ಗೆಳೆಯರೊಬ್ಬರು ತಂದ ಪೇಲ್ ಏಲ್ ಲೋಟಕ್ಕೆ ಬಿದ್ದ ಕೂಡಲೇ ಬೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸುತ್ತ ಕುಳಿತವರೆಲ್ಲ ಹೊಗಳಿದರು. ಮಾಡಿದವರು ಹಿಗ್ಗಿ, ಅದೇ ಕ್ರಮದಲ್ಲಿ ಇನ್ನೊಂದು ಬ್ಯಾಚ್ ಹಾಕಿದ್ದಾರೆ.

ಇಂಥಲ್ಲಿ ಬಾಯಿ ಬಿಡಬೇಕೇ, ಬೇಡವೇ? ಬಿಡುವುದಾದರೆ ಹೇಗೆ? ಸ್ನೇಹವೂ ಉಳಿಯಬೇಕು, ಬಿಯರೂ ಸುಧಾರಿಸಬೇಕು. ಇಂತಹ ಕೂಟಗಳನ್ನು ನಡೆಸಿ ಅನುಭವ ಇರುವವರು ನೀವು ಅನುಸರಿಸುವ ಕ್ರಮವನ್ನೂ ತಿಳಿಸಿ.

ನೊರೆಪ್ರಿಯ

ಬೇಡ, ಬಾಯಿ ಬಿಡಬೇಡಿ. ಒಬ್ಬರು ವಾರಗಟ್ಟಲೆ ಕಾದು, ಬಾಟಲಿ ತೊಳೆದು, ತುಂಬಿ, ಹೊತ್ತು ತಂದು ನಿಮ್ಮ ಮುಂದೆ ಇಟ್ಟಿದ್ದಾರೆ. ಅದು ಉಡುಗೊರೆ. ಉಡುಗೊರೆ ತೆರೆದು ಅದರ ಹೊಲಿಗೆ ಸರಿಯಿಲ್ಲ ಎನ್ನುವವರನ್ನು ಯಾರು ಮತ್ತೆ ಕರೆಯುತ್ತಾರೆ? ನಾವೆಲ್ಲ ಇದನ್ನು ಸಂತೋಷಕ್ಕೆ ಮಾಡುವವರು. ಕುಡಿದು ಧನ್ಯವಾದ ಹೇಳುವುದೇ ಮರ್ಯಾದೆ.

ಮೂಗುದಾರ

ನೊರೆಪ್ರಿಯ ಅವರೇ, ಅರ್ಧ ಒಪ್ಪುತ್ತೇನೆ. ಉಡುಗೊರೆಯ ಬಾಟಲಿ ಬೇರೆ, ಪರೀಕ್ಷೆಗೆ ಕೊಟ್ಟ ಬಾಟಲಿ ಬೇರೆ. ಹುಟ್ಟುಹಬ್ಬಕ್ಕೆ ತಂದ ಬಿಯರನ್ನು ಹಿಡಿದು ಜಗ್ಗಾಡುವುದು ಒರಟುತನ. ಆದರೆ ರುಚಿ ನೋಡಲೆಂದೇ ಸೇರಿದ ಕೂಟಕ್ಕೆ ತಂದ ಬಾಟಲಿಗೆ ಬರೀ ಹೊಗಳಿಕೆ ಕೊಟ್ಟು ಕಳಿಸಿದರೆ ತಂದವರನ್ನು ಬರಿಗೈಯಲ್ಲಿ ಕಳಿಸಿದಂತಾಯಿತು. ತೊಡಕು ಎಲ್ಲಿದೆ ಎಂದರೆ, ಇದು ಯಾವ ಬಗೆಯ ಬಾಟಲಿ ಎಂದು ಕೊಡುವವರು ಹೇಳುವುದಿಲ್ಲ, ಪಡೆಯುವವರು ಕೇಳುವುದಿಲ್ಲ.

ಕೊಡುವವರು "ಹೇಗಿದೆ?" ಎಂದಷ್ಟೇ ಕೇಳಿದರೆ "ಚೆನ್ನಾಗಿದೆ" ಬಿಟ್ಟು ಬೇರೆ ಉತ್ತರ ಬರುವುದೂ ಇಲ್ಲ. "ಕಹಿ ಕೊನೆಯಲ್ಲಿ ನಾಲಿಗೆಯ ಮೇಲೆ ಒರಟಾಗಿ ನಿಲ್ಲುತ್ತದೆಯೇ?", "ಕಳೆದ ಬ್ಯಾಚಿಗಿಂತ ಮೈ ತೆಳ್ಳಗಾಯಿತೇ?" ಎಂದು ಕೇಳಿ ನೋಡಿ. ಕುಡಿಯುವವರಿಗೆ ಅನುಮತಿ ಸಿಕ್ಕಿತು, ಗಮನ ಎಲ್ಲಿಡಬೇಕು ಎಂಬುದೂ ತಿಳಿಯಿತು.

ಹೇಳುವ ಕ್ರಮಕ್ಕೆ ಬಂದರೆ, ಮೊದಲು ಲೋಟದಲ್ಲಿ ಏನಿದೆ ಎಂಬ ವರದಿ, ಆಮೇಲೆ ಇಷ್ಟವಾಯಿತೋ ಇಲ್ಲವೋ, ಕಾರಣವನ್ನು ಕೇಳಿದರೆ ಮಾತ್ರ. "ನನಗೆ ಬೆಣ್ಣೆಯ ವಾಸನೆ ಬರುತ್ತಿದೆ" ಎಂಬುದು ವರದಿ. "ನೀವು ಅವಸರಪಟ್ಟು ಬಾಟಲಿಗೆ ತುಂಬಿದ್ದೀರಿ" ಎಂಬುದು ಆರೋಪ, ಅದೂ ಊಹೆಯ ಮೇಲೆ ನಿಂತಿದ್ದು.

ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಸಂಸ್ಥೆ) ತೀರ್ಪುಗಾರರು ಬಳಸುವ ಅಂಕಪಟ್ಟಿಯನ್ನು ಒಮ್ಮೆ ನೋಡಿ. ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಕೊಡುವ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಬಣ್ಣ, ನೊರೆ, ತಿಳಿ ಎಂದು ನಾವು ಗಂಟೆಗಟ್ಟಲೆ ಮಾತನಾಡುವ ಸಂಗತಿಗೆಲ್ಲ ಸೇರಿ ಸಿಗುವುದು ಮೂರೇ ಅಂಕ. ಅಂಕ ಹಾಕದಿದ್ದರೂ ಈ ಅನುಕ್ರಮ ಉಪಯೋಗಕ್ಕೆ ಬರುತ್ತದೆ. ಸುರಿದ ತಕ್ಷಣ ಮೂಗು ಒಡ್ಡಬೇಕು, ಏಕೆಂದರೆ ಬೇಗ ಹಾರಿಹೋಗುವ ವಾಸನೆಗಳು ಮೊದಲ ಕೆಲವು ಕ್ಷಣಗಳಲ್ಲೇ ಎದ್ದು ಕಾಣುತ್ತವೆ. ಗುಟುಕು ಆಮೇಲೆ.

ತಾಮ್ರದಕೊಳಗ

ಅಂಕಪಟ್ಟಿ ಕೈಗೆ ಬಂದ ಮೇಲೆ ಎಷ್ಟು ಜನ ಬಿಯರ್ ಕುಡಿಯುವುದನ್ನೇ ಮರೆತರು ಎಂಬುದನ್ನೂ ನೋಡಿದ್ದೇನೆ. ವೈದ್ಯಕೀಯ ಪುಸ್ತಕ ತಿರುವಿದವನಿಗೆ ಅದರಲ್ಲಿರುವ ಕಾಯಿಲೆಗಳೆಲ್ಲ ತನಗೇ ಇವೆ ಎನಿಸುವಂತೆ, ಹತ್ತು ದೋಷಗಳ ಹೆಸರು ಕಲಿತವರಿಗೆ ಪ್ರತಿ ಲೋಟದಲ್ಲೂ ಹತ್ತೂ ಕಾಣುತ್ತವೆ.

ಜರ್ಮನ್ ಶೈಲಿಯ ಗೋಧಿ ಬಿಯರ್ ಕೊಟ್ಟರೆ "ಬಾಳೆಹಣ್ಣಿನ ವಾಸನೆ, ಹುದುಗುವಾಗ ಬಿಸಿ ಏರಿದೆ" ಎಂದು ಗಂಭೀರವಾಗಿ ಬರೆದುಕೊಟ್ಟ ಮಹಾನುಭಾವರಿದ್ದಾರೆ. ಆ ಬಿಯರಿನಲ್ಲಿ ಬಾಳೆಹಣ್ಣೂ ಲವಂಗವೂ ಇರಲೇಬೇಕು, ಯೀಸ್ಟನ್ನು ಆರಿಸುವುದೇ ಅದಕ್ಕಾಗಿ. ಕೆಲವು ಚೆಕ್ ಲಾಗರ್‌ಗಳಲ್ಲಿ, ಇಂಗ್ಲಿಷ್ ಬಿಟರ್‌ಗಳಲ್ಲಿ ಬೆಣ್ಣೆಯ ಸಣ್ಣ ಎಳೆ ಇದ್ದರೆ ತಪ್ಪೇನಲ್ಲ. ಹಾಗಾಗಿ ಬಾಯಿ ತೆರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ನೀವು ಏನು ಮಾಡಲು ಹೊರಟಿದ್ದಿರಿ?

ಮೂಗುದಾರ

ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹೊಸಹುದುಗು ಹೇಳಿದ್ದು ಪೇಲ್ ಏಲ್ ವಿಷಯ, ಅದೂ ಮೂಗಿಗೆ ಬಡಿಯುವಷ್ಟು. ಅದನ್ನು ಶೈಲಿ ಎಂದು ಸಮರ್ಥಿಸುವುದು ಕಷ್ಟ.

ಗಾಜಿನಕೊಪ್ಪರಿಗೆ

ಎಲ್ಲರೂ ಒಂದು ಸಂಗತಿಯನ್ನು ದಾಟಿ ಹೋಗುತ್ತಿದ್ದೀರಿ. ಹೊಗಳಿದವರು ಸುಳ್ಳು ಹೇಳಿದರು ಎಂದೇ ಊಹಿಸಿಕೊಂಡಿದ್ದೀರಲ್ಲ, ಅವರಿಗೆ ಆ ವಾಸನೆ ಬಂದೇ ಇರಲಿಕ್ಕಿಲ್ಲ.

ಬೆಣ್ಣೆಯ ವಾಸನೆ ಡೈಅಸಿಟೈಲ್‌ನದು. ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸಿನಲ್ಲೇ ಹಲವರ ಮೂಗಿಗೆ ಅದು ಸಿಕ್ಕಿಬಿಡುತ್ತದೆ. ಇನ್ನು ಕೆಲವರಿಗೆ ಅದರ ಹಲವು ಪಟ್ಟು ಇದ್ದರೂ ಏನೂ ತಿಳಿಯುವುದಿಲ್ಲ. ತರಬೇತಿ ಇದ್ದ ತೀರ್ಪುಗಾರರಲ್ಲೂ ಇಂಥವರಿದ್ದಾರೆ, ತಮ್ಮ ಮೂಗು ಯಾವುದಕ್ಕೆ ಕುರುಡು ಎಂದು ತಿಳಿದುಕೊಂಡು ಪಕ್ಕದವರನ್ನು ಕೇಳುತ್ತಾರೆ. ಮಾಡಿದವರೇ ಆ ಗುಂಪಿಗೆ ಸೇರಿದ್ದರೆ ಅವರ ಪ್ರತಿ ಬ್ಯಾಚೂ ಬೆಣ್ಣೆಯಾಗಿ ಹೊರಬರುತ್ತದೆ, ಅವರ ಪಾಲಿಗೆ ಪ್ರತಿಯೊಂದೂ ಚೆನ್ನಾಗಿಯೇ ಇರುತ್ತದೆ. ಬೇರೆಯವರ ಮೂಗು ಬೇಕಾಗುವುದೇ ಇಲ್ಲಿ.

ಕಾರಣದ ಬಗ್ಗೆ ಮೂಗುದಾರ ಹೇಳಿದ ಎಚ್ಚರಿಕೆ ಸರಿಯಾದದ್ದು. ಯೀಸ್ಟ್ ಬೆಳೆಯುವಾಗ ಆಲ್ಫಾ ಅಸಿಟೊಲ್ಯಾಕ್ಟೇಟ್ ಎಂಬ ವಾಸನೆಯಿಲ್ಲದ ವಸ್ತು ಹೊರಗೆ ಸೋರುತ್ತದೆ. ಅದು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಸಮಯವೂ ಒಂದಿಷ್ಟು ಬೆಚ್ಚಗಿನ ವಾತಾವರಣವೂ ಸಿಕ್ಕರೆ ಯೀಸ್ಟೇ ಅದನ್ನು ಮತ್ತೆ ಒಳಗೆಳೆದುಕೊಂಡು ವಾಸನೆ ತಿಳಿಯದ ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ಬೇಗ ತಣ್ಣಗೆ ಮಾಡಿದರೆ, ಬೇಗ ಯೀಸ್ಟಿನಿಂದ ಬೇರ್ಪಡಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಪೀಡಿಯೊಕಾಕಸ್ ಬ್ಯಾಕ್ಟೀರಿಯಾ ಹೊಕ್ಕರೂ ಬೆಣ್ಣೆಯೇ. ತಣ್ಣಗಿನ ಹಂತದಲ್ಲಿ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಸುರಿದಾಗ ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಡೆಕ್ಸ್‌ಟ್ರಿನ್‌ಗಳನ್ನು (ಸಾಮಾನ್ಯ ಯೀಸ್ಟ್ ತಿನ್ನಲಾಗದ ದೊಡ್ಡ ಸಕ್ಕರೆಗಳು) ಒಡೆದು ಯೀಸ್ಟನ್ನು ಮತ್ತೆ ಎಬ್ಬಿಸಿದರೂ ಬೆಣ್ಣೆಯೇ. ಒಂದು ಲೋಟ ಮೂಸಿ ಈ ಮೂರರಲ್ಲಿ ಯಾವುದೆಂದು ಹೇಳಲು ಯಾರಿಂದಲೂ ಆಗದು. "ತುಂಬಿದ ದಿನದಿಂದಲೇ ಇತ್ತೇ, ದಿನ ಹೋದಂತೆ ಹೆಚ್ಚಾಯಿತೇ? ಜೊತೆಗೆ ಹುಳಿ ಏನಾದರೂ ಬಂತೇ?" ಎಂದು ಕೇಳಿದರೆ ಮಾತ್ರ ದಾರಿ ಸಿಗುತ್ತದೆ.

ಹೊಸಹುದುಗು

ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಹಾಗಾದರೆ ಅನುಮಾನ ನನ್ನ ಮೇಲೂ ತಿರುಗುತ್ತದೆಯಲ್ಲ? ಉಳಿದವರ ಮೂಗು ಕುರುಡೋ, ನನ್ನ ಮೂಗೇ ಇಲ್ಲದ್ದನ್ನು ಕಾಣುತ್ತಿದೆಯೋ, ಹೇಗೆ ತಿಳಿಯುವುದು?

ಗಾಜಿನಕೊಪ್ಪರಿಗೆ

ತ್ರಿಕೋನ ಪರೀಕ್ಷೆ ಮಾಡಿ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಗುರುತಿಸಬೇಕು, ಅಷ್ಟೇ. ಯಾವುದು ಒಳ್ಳೆಯದು ಎಂದು ಕೇಳಬಾರದು. ಬಣ್ಣದಿಂದ ಗುಟ್ಟು ರಟ್ಟಾಗದಂತೆ ಒಳಗಿನದು ಕಾಣದ ಲೋಟಗಳಿರಲಿ. ಸುರಿಯುವವರು ಒಬ್ಬರು, ಮುಂದಿಡುವವರು ಇನ್ನೊಬ್ಬರು ಆದರೆ ಮುಖ ನೋಡಿ ಊಹಿಸುವುದೂ ತಪ್ಪುತ್ತದೆ. ಪ್ರತಿಯೊಬ್ಬರಿಗೂ ಲೋಟಗಳ ಕ್ರಮ ಬದಲಾಗಲಿ.

ಕಣ್ಣುಮುಚ್ಚಿ ಆರಿಸಿದರೂ ಮೂರರಲ್ಲಿ ಒಂದು ಸಲ ಸರಿ ಬೀಳುತ್ತದೆ. ಆದ್ದರಿಂದ ಹನ್ನೆರಡು ಜನ ಕುಳಿತರೆ ಕನಿಷ್ಠ ಎಂಟು ಜನ ಸರಿ ಹೇಳಿದಾಗ ಮಾತ್ರ ವ್ಯತ್ಯಾಸ ನಿಜವಾಗಿ ಇದೆ ಎಂದು ನಂಬಬಹುದು. ಇಪ್ಪತ್ತು ಜನರಾದರೆ ಹನ್ನೊಂದು. ನಿಮ್ಮ ಗುಂಪು ಚಿಕ್ಕದಾದರೆ ಒಬ್ಬೊಬ್ಬರೇ ಮತ್ತೆ ಮತ್ತೆ ಮಾಡಿ: ಒಬ್ಬರು ಸತತ ಮೂರು ಸಲ ಬರೀ ಅದೃಷ್ಟದಿಂದ ಸರಿ ಹೇಳುವ ಸಾಧ್ಯತೆ 27ರಲ್ಲಿ 1.

ಇದರ ಫಲ ಹಲವು ಸಲ ಕಹಿಯಾಗಿರುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ವಾದಿಸಿದ ಎರಡು ವಿಧಾನಗಳ ಬಿಯರನ್ನು ಅವುಗಳ ಪರ ವಾದಿಸಿದವರೇ ಬೇರ್ಪಡಿಸಲಾರರು.

ತಾಮ್ರದಕೊಳಗ

ಆ ಪರೀಕ್ಷೆಯಲ್ಲಿ ಸೋತವರು "ಈ ದಿನ ನೆಗಡಿ ಇತ್ತು" ಎನ್ನುತ್ತಾರೆ. ಗೆದ್ದವರಿಗೆ ಮಾತ್ರ ನೆಗಡಿ ಬರುವುದಿಲ್ಲ.

ಕಹಿಹೂವು

ಕೂಟ ನಡೆಸುವ ಕ್ರಮ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಬಹಳ ಕಾಲದಿಂದ ನಡೆಯುತ್ತಿದೆ, ಹಲವು ಸುತ್ತು ಬದಲಾಯಿಸಿ ಈಗ ಒಂದು ಹದಕ್ಕೆ ಬಂದಿದೆ.

ತಲಾ 60ರಿಂದ 80 ಮಿಲಿ ಮಾತ್ರ. ಮೂಸಲು ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ಹಗುರವಾದದ್ದು ಮೊದಲು, ಗಟ್ಟಿಯಾದದ್ದು ಆಮೇಲೆ. ತೀರಾ ಕಹಿ, ಹುಳಿ, ಹೊಗೆಯ ಬಿಯರ್‌ಗಳು ಕೊನೆಗೆ, ಅವು ಬಂದ ಮೇಲೆ ನಾಲಿಗೆ ಬೇರೆ ಯಾವುದರ ಮಾತನ್ನೂ ಕೇಳುವುದಿಲ್ಲ. ನಡುವೆ ನೀರು, ಉಪ್ಪಿಲ್ಲದ ಸಾದಾ ಬ್ರೆಡ್ಡು. ಸುಗಂಧ ಪೂಸಿಕೊಂಡು ಬರಬೇಡಿ ಎಂದು ಮೊದಲೇ ಹೇಳುತ್ತೇನೆ. ಲೋಟಗಳನ್ನು ಸಾಬೂನಿನ ವಾಸನೆ ಹೋಗುವ ತನಕ ತೊಳೆದಿರಬೇಕು, ಬರೀ ಲೋಟವನ್ನು ಮೂಸಿ ನೋಡಿದರೆ ಗೊತ್ತಾಗುತ್ತದೆ. ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತಿದ್ದರೆ ಅದು ಸರಿಯಾಗಿ ತೊಳೆದ ಲೋಟವಲ್ಲ.

ಶೀತದ ಬಗ್ಗೆ ಒಂದು ಮಾತು. 4 ಡಿಗ್ರಿಯಲ್ಲಿ ಕೊಟ್ಟ ಬಿಯರ್ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಬಚ್ಚಿಡುತ್ತದೆ. 8ರಿಂದ 12 ಡಿಗ್ರಿಗೆ ಬರಲು ಬಿಡಿ. ಗಟ್ಟಿ ಸ್ಟೌಟ್‌ಗೆ ಇನ್ನೂ ಸ್ವಲ್ಪ ಹೆಚ್ಚಾದರೂ ಸರಿ. ತಳದಲ್ಲಿ ಯೀಸ್ಟ್ ಕೂತಿರುವ ಬಾಟಲಿಯನ್ನು ಹತ್ತು ಲೋಟಗಳಿಗೆ ಎತ್ತಿ ಇಳಿಸಿ ಸುರಿದರೆ ಮೊದಲನೆಯವರಿಗೆ ತಿಳಿ, ಕೊನೆಯವರಿಗೆ ರಾಡಿ. ಇಬ್ಬರೂ ಬೇರೆ ಬೇರೆ ಬಿಯರ್ ಕುಡಿದು ಜಗಳವಾಡುತ್ತಾರೆ. ಒಂದೇ ಓಘದಲ್ಲಿ ಜಗ್ಗಿಗೆ ಬಗ್ಗಿಸಿ, ಅಲ್ಲಿಂದ ಹಂಚಿ.

ಇಷ್ಟೆಲ್ಲಕ್ಕಿಂತ ದೊಡ್ಡ ನಿಯಮ ಮೌನದ್ದು. ಲೋಟ ಬಂದ ಮೇಲೆ ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತನಾಡುವಂತಿಲ್ಲ, ಹುಬ್ಬು ಹಾರಿಸುವಂತೆಯೂ ಇಲ್ಲ. ಯಾರಾದರೂ "ಆಹಾ, ಕಿತ್ತಳೆ ಸಿಪ್ಪೆ" ಎಂದರೆ ಮುಗಿಯಿತು, ಆ ಕ್ಷಣದಿಂದ ಎಲ್ಲರ ಲೋಟದಲ್ಲೂ ಕಿತ್ತಳೆ ಸಿಪ್ಪೆ. ಗುಂಪಿನ ಹಿರಿಯರು ಮೊದಲು ಮಾತನಾಡಿದರೆ ಅದೇ ಅಂತಿಮ ತೀರ್ಪು. ಆದ್ದರಿಂದ ಓದುವ ಸರದಿ ಹೊಸಬರಿಂದ ಆರಂಭ, ಬಿಯರ್ ಮಾಡಿದವರು ಕಟ್ಟಕಡೆಗೆ. ಮಾಡಿದವರು ಮೊದಲೇ ಬಾಯಿ ತೆರೆದರೆ ತಮ್ಮ ಬಿಯರಿಗೆ ತಾವೇ ವಕಾಲತ್ತು ವಹಿಸುತ್ತಾರೆ: ಹವೆ ಬಿಸಿ ಇತ್ತು, ಯೀಸ್ಟ್ ಹಳೆಯದಿತ್ತು, ಇನ್ನೂ ಎರಡು ವಾರ ಇಡಬೇಕಿತ್ತು. ಕೇಳಿದ ಮೇಲೆ ಯಾರಿಗೆ ನಿಜ ಹೇಳುವ ಮನಸ್ಸು ಉಳಿಯುತ್ತದೆ?

ಲೆಕ್ಕವನ್ನೂ ಮರೆಯಬೇಡಿ. ಶೇಕಡಾ 6ರ ಬಿಯರ್ ತಲಾ 70 ಮಿಲಿಯಂತೆ ಹತ್ತು ಬಗೆ ಕುಡಿದರೆ ಒಟ್ಟು 700 ಮಿಲಿ, ಅಂದರೆ ಸುಮಾರು 33 ಗ್ರಾಂ ಆಲ್ಕೋಹಾಲ್. "ಬರೀ ರುಚಿ ನೋಡಿದ್ದು" ಎನ್ನುವುದಕ್ಕೆ ಇದು ಬಹಳವಾಯಿತು. ನಮ್ಮಲ್ಲಿ ಚೆಲ್ಲಲು ಪಾತ್ರೆ ಇಟ್ಟಿರುತ್ತೇವೆ, ಚೆಲ್ಲಿದವರನ್ನು ಯಾರೂ ಏಕೆ ಎಂದು ಕೇಳುವುದಿಲ್ಲ. ವಾಹನ ಓಡಿಸಿಕೊಂಡು ಹೋಗುವವರು ಮೂಸುವುದಕ್ಕೆ ಮಾತ್ರ. ಆರು ಬಗೆ ದಾಟಿದ ಮೇಲೆ ಬರೆದ ಟಿಪ್ಪಣಿಗಳನ್ನು ನಾನಂತೂ ಓದುವುದೇ ಇಲ್ಲ.

ನೊರೆಪ್ರಿಯ

ಮೌನ, ಕಾಗದ, ಸರದಿ, ಲೆಕ್ಕ. ಪರೀಕ್ಷಾ ಕೊಠಡಿಗೂ ಇದಕ್ಕೂ ಏನು ವ್ಯತ್ಯಾಸ? ಮೇಲ್ವಿಚಾರಕರೊಬ್ಬರು ಓಡಾಡುವುದು ಬಾಕಿ.

ಕಹಿಹೂವು

ಮೌನ ಎರಡೇ ನಿಮಿಷದ್ದು. ಆಮೇಲಿನ ಗದ್ದಲವನ್ನು ನೀವು ಬಂದೇ ಕೇಳಬೇಕು.

ಸೋಸುಬಟ್ಟೆ

ಲೋಟಕ್ಕೆ ಬರುವ ಮುಂಚೆ ಬಾಟಲಿ ಪ್ರಯಾಣ ಮಾಡುತ್ತದಲ್ಲ, ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮಾಡಿದವರ ಮನೆಯಲ್ಲಿ ಸೊಗಸಾಗಿದ್ದದ್ದು ಕೂಟಕ್ಕೆ ಬರುವಷ್ಟರಲ್ಲಿ ಹಾಳಾಗಿ, ಅದರ ಅಪವಾದ ಪಾಕವಿಧಾನಕ್ಕೆ ಬರುತ್ತದೆ.

ಮೊದಲ ಶತ್ರು ಬೆಳಕು. ಹಾಪ್ಸ್‌ನ ಕಹಿ ಪದಾರ್ಥವು ಬಿಸಿಲಿನಲ್ಲಿ ಒಡೆದು, ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬಂದ ಗಂಧಕದ ಅಂಶದೊಂದಿಗೆ ಸೇರಿ, ಸ್ಕಂಕ್ ಪ್ರಾಣಿಯ ದುರ್ವಾಸನೆಯನ್ನು ಹೋಲುವ ವಸ್ತುವಾಗುತ್ತದೆ. ನೇರ ಬಿಸಿಲಿಗೆ ಬಣ್ಣವಿಲ್ಲದ ಗಾಜಿನಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ. ಕಂದು ಗಾಜು ಬಹುಪಾಲು ತಡೆಯುತ್ತದೆ. ಅದರ ಮೇಲೂ ಒಂದು ಬಟ್ಟೆ ಸುತ್ತಿ ತನ್ನಿ.

ಎರಡನೆಯದು ಗಾಳಿ. ಕೆಗ್‌ನಿಂದ (ಒತ್ತಡದಲ್ಲಿ ಬಿಯರ್ ತುಂಬಿಡುವ ಪೀಪಾಯಿ) ದೊಡ್ಡ ಜಾಡಿಗೆ ನಲ್ಲಿಯಲ್ಲಿ ಹಿಡಿದು ತಂದ ಬಿಯರ್ ಅದೇ ದಿನ ಮುಗಿಯಬೇಕು. ಮುಂಚೆಯೇ ತುಂಬಿಡಬೇಕಾದರೆ ಬಾಟಲಿಯೊಳಗಿನ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಹೊರದೂಡಿ, ತಳದಿಂದ ತುಂಬಿ, ನೊರೆ ಬಾಯಿಗೆ ಬಂದಾಗ ಅದರ ಮೇಲೆಯೇ ಮುಚ್ಚಳ ಒತ್ತಿ. ಹಾಪ್ಸ್ ಹೇರಳವಾಗಿರುವ ಮಬ್ಬು ಐಪಿಎಗೆ (ಇಂಡಿಯಾ ಪೇಲ್ ಏಲ್) ಆಮ್ಲಜನಕ ತಗುಲಿದರೆ ಮೊದಲು ಹಣ್ಣಿನ ಪರಿಮಳ ಸಾಯುತ್ತದೆ, ಆಮೇಲೆ ಬಣ್ಣವೇ ಕಂದಿ ಮಾಸಲಾಗುತ್ತದೆ.

ಮೂರನೆಯದು ಅಪಾಯದ್ದು, ಒತ್ತಡ. ನನ್ನ ಕೈಗೆ ಬಂದ ಬಾಟಲಿಯೊಂದು ಮುಚ್ಚಳ ಎತ್ತುತ್ತಲೇ ಮುಕ್ಕಾಲು ಭಾಗವನ್ನು ಚಾವಣಿಗೆ ಅರ್ಪಿಸಿತು. ಅದು ತೆರೆದಾಗ ಉಕ್ಕಿತು, ಪುಣ್ಯ. ತೆರೆಯುವ ಮುನ್ನ ಒಡೆದಿದ್ದರೆ ಗಾಜು ಯಾರ ಕಣ್ಣಿಗೆ ಹೋಗುತ್ತಿತ್ತೋ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿಗೆ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿದರೆ 2.4 ವಾಲ್ಯೂಮ್ ಆಸುಪಾಸಿನ ಕಾರ್ಬೊನೇಷನ್ (ಒಂದು ಲೀಟರ್ ಬಿಯರಿನಲ್ಲಿ ಕರಗಿದ 2.4 ಲೀಟರ್ ಅನಿಲ) ಬರುತ್ತದೆ, ಸಾಧಾರಣ ಏಲ್‌ಗೆ ಅದು ಸಾಕು. ಆದರೆ ಹುದುಗುವಿಕೆ ಮುಗಿಯದೆ ತುಂಬಿದರೆ ಈ ಲೆಕ್ಕ ಯಾವುದಕ್ಕೂ ಬರುವುದಿಲ್ಲ. ಬಾಟಲಿಯೊಳಗೆ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 0.002 ಇಳಿದರೂ ಹತ್ತಿರ ಹತ್ತಿರ ಒಂದು ವಾಲ್ಯೂಮ್ ಸೇರಿಕೊಳ್ಳುತ್ತದೆ. ಅದನ್ನು ಅಳೆಯುವ ಹೈಡ್ರೋಮೀಟರ್ ಕೆಲವು ದಿನ ಒಂದೇ ಅಂಕಿ ತೋರಿಸುವವರೆಗೆ ಕಾಯಿರಿ. ಡಯಾಸ್ಟಾಟಿಕಸ್ ಬಗೆಯ ಯೀಸ್ಟ್ ಬಳಸಿದ್ದರೆ ಇನ್ನೂ ಹೆಚ್ಚು ಕಾಯಬೇಕು. ಸೇಸಾನ್ ಎಂಬ ಬೆಲ್ಜಿಯನ್ ಶೈಲಿಯ ಬಿಯರಿನ ಕೆಲವು ಯೀಸ್ಟ್‌ಗಳು ಈ ಬಗೆಯವು. ಬೇರೆ ಯೀಸ್ಟ್‌ಗಳು ಮುಟ್ಟದ ಡೆಕ್ಸ್‌ಟ್ರಿನ್‌ಗಳನ್ನೂ ಇವು ನಿಧಾನವಾಗಿ ತಿನ್ನುತ್ತಾ ಹೋಗುತ್ತವೆ.

ಪ್ರತಿ ಬ್ಯಾಚಿನಲ್ಲಿ ಒಂದನ್ನು ಮೆತ್ತಗಿನ ಪ್ಲಾಸ್ಟಿಕ್ ಬಾಟಲಿಗೆ ತುಂಬಿಡುತ್ತೇನೆ. ಹಿಸುಕಿ ನೋಡಿದರೆ ಒಳಗಿನ ಒತ್ತಡ ಕೈಗೇ ತಿಳಿಯುತ್ತದೆ. ಕಲ್ಲಿನಂತೆ ಗಟ್ಟಿಯಾದ ಬಳಿಕವೂ ಉಬ್ಬುತ್ತಿದ್ದರೆ ಆ ಬ್ಯಾಚಿನ ಗಾಜಿನ ಬಾಟಲಿಗಳು ಯಾರ ಮನೆಗೂ ಹೋಗಬಾರದು.

ಮಾಲ್ಟ್‌ಚೀಲ

ಬಾಟಲಿಯ ಮೇಲೆ ಏನೇನು ಬರೆಯಬೇಕು? ನಾನು ಮುಚ್ಚಳದ ಮೇಲೆ ಒಂದು ಅಕ್ಷರ ಗೀಚುತ್ತೇನೆ, ಅಷ್ಟೇ.

ಸೋಸುಬಟ್ಟೆ

ಶೈಲಿ, ತುಂಬಿದ ದಿನಾಂಕ, ಆಲ್ಕೋಹಾಲ್ ಪ್ರಮಾಣ. ಆರಂಭದ ಗ್ರಾವಿಟಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿ: 1.050ರಿಂದ 1.010ಕ್ಕೆ ಇಳಿದರೆ ಶೇಕಡಾ 5.25. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಕ್ಟೋಸ್, ಗೋಧಿ, ಕಡಲೆಕಾಯಿ, ಗೋಡಂಬಿಯಂತಹ ಬೀಜಗಳು ಇದ್ದರೆ ಎದ್ದು ಕಾಣುವಂತೆ ಬರೆಯಿರಿ. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಮಿಲ್ಕ್ ಸ್ಟೌಟ್ ಕೊಟ್ಟು ಆಮೇಲೆ ಹೇಳುವುದು ಸರಿಯಲ್ಲ. ಕುರುಡು ಪರೀಕ್ಷೆಯಲ್ಲೂ ಈ ಒಂದನ್ನು ಮುಚ್ಚಿಡುವ ಹಾಗಿಲ್ಲ.

ಮಾಲ್ಟ್‌ಚೀಲ

ಇನ್ನೊಂದು. ಕೂಟದಲ್ಲಿ ಖರ್ಚಿಗೆಂದು ತಲಾ ಇಷ್ಟು ಸೇರಿಸಿದರೆ ತಪ್ಪೇ?

ಕಹಿಹೂವು

ಎಚ್ಚರ. ಕಾನೂನು ಒಂದೊಂದು ಕಡೆ ಒಂದೊಂದು ತರಹ: ಕೆಲವು ಕಡೆ ಮನೆಯಲ್ಲಿ ಮಾಡುವುದಕ್ಕೇ ಅನುಮತಿ ಬೇಕು, ಕೆಲವು ಕಡೆ ಮಾಡಿ ಹಂಚಬಹುದು ಆದರೆ ಮಾರುವಂತಿಲ್ಲ. ಲೋಟಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡ ಕೂಡಲೇ ಅದು ಮಾರಾಟವಾಗಿ ಕಾಣಬಹುದು. ನಿಮ್ಮಲ್ಲಿನ ನಿಯಮ ಓದಿಕೊಳ್ಳಿ. ನಾವು ದುಡ್ಡು ಮುಟ್ಟುವುದೇ ಇಲ್ಲ.

ತಾಮ್ರದಕೊಳಗ

ನೊರೆಪ್ರಿಯ ಅವರ ಮೊದಲ ಮಾತಿಗೆ ಮರಳುತ್ತೇನೆ. ಅಂಕಪಟ್ಟಿಯನ್ನು ಹಂಗಿಸಿದ ನಾನು ಸುಮ್ಮನಿರುವವರ ಪಕ್ಷ ಎಂದುಕೊಂಡಿದ್ದರೆ ಅದು ಹಾಗಲ್ಲ.

ನನಗೆ ಗೊತ್ತಿರುವ ಒಬ್ಬರ ಬಿಯರಿನಲ್ಲಿ ಯಾವಾಗಲೂ ಗಾಯದ ಪಟ್ಟಿಯ ವಾಸನೆ. ಸ್ಟೌಟ್ ಆಗಲಿ, ಗೋಧಿ ಬಿಯರ್ ಆಗಲಿ, ಹಿಂದೆ ಆ ಔಷಧಿಯ ಘಾಟು. ಅವರಿಗೆ ಅದು ತಿಳಿಯುತ್ತಿರಲಿಲ್ಲ ಎನ್ನುವುದಕ್ಕಿಂತ, ಮೊದಲ ಬ್ಯಾಚಿನಿಂದ ಅದೇ ಇದ್ದುದರಿಂದ ಮನೆಯ ಬಿಯರ್ ಎಂದರೆ ಹೀಗೇ ಎಂದು ಮೂಗು ಒಪ್ಪಿಕೊಂಡುಬಿಟ್ಟಿತ್ತು. ವರ್ಷಗಟ್ಟಲೆ ಎಲ್ಲರೂ ಮರ್ಯಾದೆಯಿಂದ ಕುಡಿದು ಧನ್ಯವಾದ ಹೇಳಿದರು. ಅವರು ಯೀಸ್ಟ್ ಬದಲಾಯಿಸಿದರು, ಮಾಲ್ಟ್ ಬದಲಾಯಿಸಿದರು, ಹೊಸ ಪಾತ್ರೆ ಕೊಂಡರು. ಏನೋ ಕೊರತೆ ಇದೆ ಎಂದು ಗೊತ್ತು, ಏನೆಂದು ಯಾರೂ ಹೇಳುವುದಿಲ್ಲ.

ಕಾರಣ ನಲ್ಲಿ ನೀರಿನ ಕ್ಲೋರಿನ್. ಅದು ಮಾಲ್ಟ್ ಮತ್ತು ಯೀಸ್ಟ್‌ನಿಂದ ಬರುವ ಫಿನಾಲ್‌ಗಳೊಂದಿಗೆ ಸೇರಿ ಕ್ಲೋರೋಫಿನಾಲ್ ಆಗುತ್ತದೆ, ಅತಿ ಸೂಕ್ಷ್ಮ ಪ್ರಮಾಣದಲ್ಲೂ ನಾರುತ್ತದೆ. ಸುಮಾರು 75 ಲೀಟರ್ ನೀರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ನಿಮಿಷಗಳಲ್ಲಿ ಕ್ಲೋರಿನ್ ಹೋಗುತ್ತದೆ, ಕುದಿಸಿದರೂ ಜಗ್ಗದ ಕ್ಲೋರಮೈನ್ ಕೂಡ ಹೋಗುತ್ತದೆ. ಇಷ್ಟು ಸಣ್ಣ ಪರಿಹಾರಕ್ಕೆ ಅಷ್ಟು ವರ್ಷ. ಅದನ್ನು ಹೇಳಿದವರು ಹೊರಗಿನಿಂದ ಬಂದ, ಇವರ ಪರಿಚಯವೇ ಇಲ್ಲದ ಒಬ್ಬ ಅತಿಥಿ. ಗೆಳೆಯರೆಲ್ಲ ಗೆಳೆಯರಾಗಿಯೇ ಉಳಿದರು, ಉಪಕಾರ ಮಾಡಿದ್ದು ಅಪರಿಚಿತ.

ಆದರೆ ಒಂದು, ಇಂಥದ್ದನ್ನು ಹತ್ತು ಜನರ ಮುಂದೆ ಹೇಳಬಾರದು. ಪಕ್ಕಕ್ಕೆ ಕರೆದು ಹೇಳಿ.

ಕಹಿಹೂವು

ಅಲ್ಲಿ ನನ್ನ ತಕರಾರಿದೆ. ಪಕ್ಕಕ್ಕೆ ಕರೆದರೆ ಅದು ಗುಟ್ಟಾಗುತ್ತದೆ, ಗುಟ್ಟಾದ ಮೇಲೆ ನಾಚಿಕೆಯಾಗುತ್ತದೆ. ಎಲ್ಲರ ಬಿಯರಿಗೂ ಒಂದೇ ಕಾಗದ, ಒಂದೇ ಸರದಿ ಇದ್ದರೆ ಯಾರೊಬ್ಬರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ. ಅದೇ ನಲ್ಲಿಯ ನೀರು ಬಳಸುವ ಇನ್ನಿಬ್ಬರು ಆ ಕೋಣೆಯಲ್ಲೇ ಕುಳಿತಿದ್ದರೆ?

ತಾಮ್ರದಕೊಳಗ

ನಿಮ್ಮ ಕೂಟದಲ್ಲಿ ಸರಿ, ಅಲ್ಲಿ ಎಲ್ಲರೂ ಒಪ್ಪಿ ಕುಳಿತಿರುತ್ತಾರೆ. ಹೊಸಹುದುಗು ಅವರ ಕೂಟದಲ್ಲಿ ಇನ್ನೂ ಯಾರೂ ಒಪ್ಪಿಲ್ಲ.

ಮೂಗುದಾರ

ಮೂಗನ್ನು ಪಳಗಿಸಲು ಒಂದು ಉಪಾಯ. ದೋಷಗಳ ಬಗ್ಗೆ ಓದುವುದಕ್ಕಿಂತ ಅವುಗಳನ್ನು ನೀವೇ ತಯಾರಿಸಿ, ಒಟ್ಟಿಗೆ ಮೂಸಿ. ಸೌಮ್ಯವಾದ, ಹಾಪ್ಸ್ ಇರುವ ಲಾಗರ್ ಒಂದಷ್ಟು ತೆಗೆದುಕೊಳ್ಳಿ. ಒಂದು ಗಾಜಿನ ಲೋಟವನ್ನು ಬಿಸಿಲಿಗೆ, ಇನ್ನೊಂದನ್ನು ಕತ್ತಲಿಗೆ ಇಟ್ಟು ಸ್ವಲ್ಪ ಹೊತ್ತಿನ ಮೇಲೆ ಎರಡನ್ನೂ ಮೂಸಿ. ಬೆಳಕು ತಾಗಿದ ವಾಸನೆಯನ್ನು ಜೀವನದಲ್ಲಿ ಮರೆಯುವುದಿಲ್ಲ. ಒಂದು ಬಾಟಲಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿ, ಕೆಲವು ವಾರ ಬೆಚ್ಚಗಿನ ಕಪಾಟಿನಲ್ಲಿಡಿ. ಅದರ ಜೋಡಿ ಫ್ರಿಜ್‌ನಲ್ಲಿರಲಿ. ಒದ್ದೆ ರಟ್ಟು ಎಂದು ಎಲ್ಲರೂ ಹೇಳುವ ಹಳಸಿದ ವಾಸನೆ ಏನೆಂದು ಆಗ ತಿಳಿಯುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬೇಕಾದರೆ ಡಬ್ಬಿಯ ಜೋಳದ ನೀರನ್ನು ಒಂದೆರಡು ಹನಿಯಿಂದ ಆರಂಭಿಸಿ ಲೋಟಕ್ಕೆ ಹಾಕಿ. ಪಿಲ್ಸ್ನರ್ ಮಾಲ್ಟಿನ ವರ್ಟನ್ನು (ಹುದುಗುವ ಮುನ್ನಿನ ಸಿಹಿ ದ್ರವ) ಮುಚ್ಚಿ ಕುದಿಸಿದಾಗ ಹೊರಗೆ ಹೋಗದೆ ಉಳಿಯುವ ಡಿಎಂಎಸ್ (ಡೈಮೀಥೈಲ್ ಸಲ್ಫೈಡ್) ಎಂದರೆ ಅದೇ.

ಒಂದೇ ಕೋಣೆಯಲ್ಲಿ ಎಲ್ಲರೂ ಒಂದೇ ಲೋಟ ಮೂಸಿ ಹೆಸರಿಟ್ಟ ಮೇಲೆ ಮಾತು ಸಲೀಸಾಗುತ್ತದೆ. ಆಗ "ರಟ್ಟು" ಎಂದವರು ಬೈಯುತ್ತಿಲ್ಲ, ಗುರುತಿಸುತ್ತಿದ್ದಾರೆ.

ನೊರೆಪ್ರಿಯ

ಗಾಯದ ಪಟ್ಟಿಯ ಕಥೆ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಆದರೂ ನನ್ನ ಜಾಗದಿಂದ ಪೂರ್ತಿ ಕದಲುವುದಿಲ್ಲ. ಇಡೀ ಚರ್ಚೆ ದೋಷದ ಸುತ್ತಲೇ ಸುತ್ತುತ್ತಿದೆ. ಒಳ್ಳೆಯ ಬಿಯರಿಗೂ "ಚೆನ್ನಾಗಿದೆ" ಎಂಬುದು ಅಷ್ಟೇ ನಿರುಪಯುಕ್ತ ಉತ್ತರ, ಅದನ್ನು ಯಾರೂ ಹೇಳಲಿಲ್ಲ. ಒಮ್ಮೆ ನನ್ನ ಪೋರ್ಟರ್ ಕುಡಿದವರು "ಸುಟ್ಟ ರುಚಿ ಇದೆ, ಆದರೆ ಒಗರು ಬಿಟ್ಟುಹೋಗುವುದಿಲ್ಲ, ಹೇಗೆ ಸಾಧಿಸಿದಿರಿ?" ಎಂದು ಕೇಳಿದರು. ಕಪ್ಪು ಮಾಲ್ಟನ್ನು ಮ್ಯಾಶ್‌ನ (ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸುವ ಹಂತ) ಕೊನೆಯಲ್ಲಿ ಸೇರಿಸಿದ್ದೆ. ಅವರು ಕೇಳದಿದ್ದರೆ ಅದರಿಂದಲೇ ಹಾಗಾಗಿರಬಹುದು ಎಂದು ನನಗೂ ಹೊಳೆಯುತ್ತಿರಲಿಲ್ಲ, ಮುಂದಿನ ಸಲ ಹಾಗೆ ಮಾಡುತ್ತಲೂ ಇರಲಿಲ್ಲ. ಹೊಗಳುವುದಾದರೂ ಯಾವುದನ್ನು ಎಂದು ಬೆರಳಿಟ್ಟು ಹೊಗಳಿ.

ಮೂಗುದಾರ

ಈ ಮಾತಿಗೆ ನನ್ನದು ಐವತ್ತಕ್ಕೆ ಐವತ್ತು.

ಹೊಸಹುದುಗು

ಎಲ್ಲರಿಗೂ ಧನ್ಯವಾದ. ಈಗ ತುರ್ತಿನ ಪ್ರಶ್ನೆ. ಆ ಗೆಳೆಯರ ಎರಡನೆಯ ಬ್ಯಾಚ್ ಇನ್ನೂ ಹುದುಗುತ್ತಿದೆ, ಈ ವಾರದ ಕೊನೆಗೆ ಬಾಟಲಿಗೆ ತುಂಬುತ್ತಾರಂತೆ. ಕೂಟದ ನಿಯಮಗಳೆಲ್ಲ ಜಾರಿಗೆ ಬರುವವರೆಗೆ ಕಾಯಲೇ, ಈಗಲೇ ಹೇಳಲೇ?

ಗಾಜಿನಕೊಪ್ಪರಿಗೆ

ಈಗಲೇ. ಯೀಸ್ಟ್ ಇನ್ನೂ ಜೊತೆಯಲ್ಲಿರುವಾಗ ಮಾತ್ರ ಈ ಮಾತಿನಿಂದ ಉಪಯೋಗ. ಬಾಟಲಿಗೆ ಹೋದ ಮೇಲೆ ಅಲ್ಲಿರುವ ಅಲ್ಪಸ್ವಲ್ಪ ಯೀಸ್ಟ್ ಏನಾದರೂ ಮಾಡೀತು, ಆದರೆ ಅದನ್ನು ನಂಬಿ ಕೂರಬಾರದು.

ತುಂಬುವ ಮುನ್ನ ಅವರು ಬಿಸಿ ಪರೀಕ್ಷೆ ಮಾಡಲಿ. ಎರಡು ಲೋಟಗಳಿಗೆ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಎರಡನ್ನೂ ಮುಚ್ಚಿ. ಒಂದನ್ನು 60ರಿಂದ 70 ಡಿಗ್ರಿ ಬಿಸಿ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟು, ತಣಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದು ಇನ್ನೊಂದರಲ್ಲಿ ಬರದಿದ್ದರೆ ಮುಂದೆ ಬೆಣ್ಣೆಯಾಗಲಿರುವುದು ಒಳಗೆ ಇನ್ನೂ ಇದೆ ಎಂದರ್ಥ. ಎರಡರಲ್ಲೂ ಬಂದರೆ ಯೀಸ್ಟಿಗೆ ಕೆಲಸ ಇನ್ನೂ ಬಾಕಿ. ಯಾವುದೇ ಆದರೂ 20 ಡಿಗ್ರಿ ಆಸುಪಾಸಿನಲ್ಲಿ ಇನ್ನೂ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಅವರ ಮೂಗು ಇದಕ್ಕೆ ಕುರುಡಾಗಿರಬಹುದು ಎಂಬುದನ್ನು ಮರೆಯಬೇಡಿ, ಮೂಸುವಾಗ ನೀವು ಪಕ್ಕದಲ್ಲಿರಿ.

ಮೂಗುದಾರ

ಮಾತು ಹೀಗೆ ಆರಂಭಿಸಬಹುದು: "ಕಳೆದ ಸಲದ ಬಿಯರಿನಲ್ಲಿ ನನಗೆ ಬೆಣ್ಣೆಯ ವಾಸನೆ ಬಂದಿತ್ತು, ನಿಮಗೂ ಬಂತೇ? ತುಂಬುವ ಮೊದಲು ಒಂದು ಸಣ್ಣ ಪರೀಕ್ಷೆ ಇದೆ, ಒಟ್ಟಿಗೆ ಮಾಡೋಣವೇ?" ಹೋಗುವಾಗ ನಿಮ್ಮದೊಂದು ಬಾಟಲಿಯನ್ನೂ ತೆಗೆದುಕೊಂಡು ಹೋಗಿ, ಅದರ ಬಗ್ಗೆ ಅವರಿಗೆ ಅನಿಸಿದ್ದನ್ನು ಬಿಚ್ಚಿ ಹೇಳಲು ಬಿಡಿ. ಕಾರಣ ಹೇಳುತ್ತಾ ವಾದಕ್ಕೆ ಇಳಿಯಬೇಡಿ.

ಹೊಸಹುದುಗು

ನಾಳೆ ಸಂಜೆ ಹೋಗುತ್ತೇನೆ. ನನ್ನ ಬ್ರೌನ್ ಏಲ್ ಒಯ್ಯುವೆ. ಅದರ ಬಗ್ಗೆ ಏನು ಕೇಳಬೇಕು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಸೋಸುಬಟ್ಟೆ

ಒಯ್ಯಿರಿ, ಆದರೆ ಖಾಲಿ ಬಾಟಲಿಯನ್ನು ಹಿಂದಕ್ಕೆ ತನ್ನಿ. ಇದು ಎಲ್ಲರಿಗೂ ಹೇಳುವ ಮಾತು: ಕುಡಿದ ತಕ್ಷಣ ಮೂರು ಸಲ ನೀರು ಕುಲುಕಿ ಚೆಲ್ಲಿ, ತಲೆಕೆಳಗಾಗಿ ಒಣಗಿಸಿ, ಮಾಡಿದವರಿಗೆ ವಾಪಸ್ ಕೊಡಿ. ತಳದ ಯೀಸ್ಟ್ ಒಂದು ವಾರ ಒಣಗಿದ ಮೇಲೆ ಬ್ರಷ್‌ಗೂ ಬಗ್ಗುವುದಿಲ್ಲ. ನನ್ನ ಅರ್ಧದಷ್ಟು ಬಾಟಲಿಗಳು ಯಾರ ಯಾರ ಮನೆಯ ಮೂಲೆಯಲ್ಲಿವೆಯೋ ಗೊತ್ತಿಲ್ಲ.